ಉದುರುವ ಕೂದಲಿಗೆ ಮೂರು ತಿಂಗಳ ಹಿಂದಿನ ಲೆಕ್ಕ

ನನ್ನ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿದಾಗ ಮನೆಯವರೆಲ್ಲ ನೀರಿನ ಮೇಲೆ ಗೂಬೆ ಕೂರಿಸಿದರು. ಸಕಲೇಶಪುರದಲ್ಲಿ ದಟ್ಟವಾಗಿದ್ದ ಜಡೆ ಹಾಸನದ ಬೋರ್‌ವೆಲ್ ನೀರಿಗೆ ಹಾಳಾಯಿತು ಎಂಬುದು ಅಮ್ಮನ ತೀರ್ಪು. ಗಡಸು ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ನನ್ನ ಬಾಚಣಿಗೆಯಲ್ಲಿ ಸಿಗುತ್ತಿದ್ದುದು ಮಾತ್ರ ತುದಿಯಲ್ಲಿ ಬಿಳಿ ಚುಕ್ಕೆಯ ಸಮೇತ ಬುಡದಿಂದಲೇ ಕಳಚಿದ ಉದ್ದ ಕೂದಲು.

ಚರ್ಮರೋಗ ತಜ್ಞೆಯ ಮೊದಲ ಪ್ರಶ್ನೆ: ‘ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು?’ ಡೆಂಗಿ ಆಗಿತ್ತು. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಅರೆಹೊಟ್ಟೆಯ ಪಥ್ಯ, ಇವು ಬೆಳೆಯುತ್ತಿರುವ ಕೂದಲನ್ನು ಅಕಾಲದಲ್ಲಿ ವಿಶ್ರಾಂತಿಗೆ ದೂಡುತ್ತವೆ. ಅದು ಕಳಚುವುದು ಎರಡು ಮೂರು ತಿಂಗಳ ಬಳಿಕ. ಟೆಲೋಜೆನ್ ಎಫ್ಲುವಿಯಮ್ ಎಂದು ಅದರ ಹೆಸರು. ಬೇರು ಸಾಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದಂತೂ ಎಲ್ಲರಿಗೂ ಇದ್ದದ್ದೇ.

ಆದರೆ ನನ್ನ ಬೈತಲೆಯೂ ಅಗಲವಾಗಿತ್ತು. ಅದು ವಂಶದಲ್ಲಿ ಬರುವ ಬೇರೆಯದೇ ತೊಂದರೆ. ಕೂದಲು ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತ ಹೋಗುತ್ತದೆ. ಜ್ವರ ಅದನ್ನು ಬಯಲಿಗೆಳೆದಿತ್ತು, ಅಷ್ಟೆ. ಪೇಟೆಯ ಒಂದು ಕೂದಲ ಕ್ಲಿನಿಕ್ಕಿನಲ್ಲಿ ತಲೆಯನ್ನು ಸರಿಯಾಗಿ ನೋಡುವ ಮೊದಲೇ ಪಿಆರ್‌ಪಿ, ಅಂದರೆ ನಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ನೆತ್ತಿಗೆ ಚುಚ್ಚುವ ಚಿಕಿತ್ಸೆಯ ಪ್ಯಾಕೇಜಿನ ದರಪಟ್ಟಿ ಮುಂದಿಟ್ಟಿದ್ದರು. ಯಾವ ಬಗೆಯ ಉದುರುವಿಕೆ ಎಂದು ತಿಳಿಯದೆ ಯಾರೂ ಇಂಥದ್ದಕ್ಕೆ ದುಡ್ಡು ಸುರಿಯಬಾರದು.

ಥೈರಾಯ್ಡ್ ಪರೀಕ್ಷೆ ಮತ್ತು ಮೈಯಲ್ಲಿನ ಕಬ್ಬಿಣದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದೆ. ಅದಕ್ಕೆ ಮುಂಚೆ ಕೆಲವು ದಿನ, ಕೂದಲಿಗೆಂದು ನುಂಗುತ್ತಿದ್ದ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನಿಲ್ಲಿಸಲು ವೈದ್ಯೆ ಹೇಳಿದರು. ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ವರದಿಯನ್ನೇ ತಪ್ಪು ತೋರಿಸುತ್ತದಂತೆ. ಮಾರುವವರು ಇದನ್ನು ಹೇಳುವುದಿಲ್ಲ. ಥೈರಾಯ್ಡ್ ಸರಿಯಿತ್ತು, ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಕಬ್ಬಿಣದ ಮಾತ್ರೆಯ ಜೊತೆಗೆ ನಿಂಬೆ ಪಾನಕ ಒಳ್ಳೆಯದು, ಕಾಫಿ ಕೂಡದು. ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಕಠಿಣ ಪಥ್ಯ ಇನ್ನೊಂದಿಲ್ಲ.

ಬೈತಲೆಗೆ ಮಿನಾಕ್ಸಿಡಿಲ್ ಬರೆದುಕೊಟ್ಟರು. ರಕ್ತದೊತ್ತಡಕ್ಕೆಂದು ಬಂದ ಔಷಧ. ಸೇವಿಸಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣವಾಯಿತು. ಒಣಗಿದ ನೆತ್ತಿಗೆ ಹಚ್ಚಬೇಕು, ಕೂದಲಿಗಲ್ಲ. ಮೊದಲ ವಾರಗಳಲ್ಲಿ ಉದುರುವುದು ಇನ್ನಷ್ಟು ಹೆಚ್ಚಬಹುದು, ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುವುದರಿಂದ. ಬಹಳ ಮಂದಿ ಇಲ್ಲಿಯೇ ಹೆದರಿ ಬಾಟಲಿ ಎಸೆಯುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದೆಲ್ಲ ಹೋಗುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದು ಬೇಡ. ಬೆಕ್ಕುಗಳಿಗಂತೂ ವಿಷ, ಹಾಗಾಗಿ ನಮ್ಮ ಬೆಕ್ಕಿಗೆ ಈಗ ನನ್ನ ದಿಂಬಿನ ಮೇಲೆ ಪ್ರವೇಶವಿಲ್ಲ.

ದಾಸವಾಳದ ಸೊಪ್ಪನ್ನು ನಾನು ಬಿಟ್ಟಿಲ್ಲ. ಅದರ ಲೋಳೆಗೆ ಕೂದಲು ನುಣುಪಾಗುತ್ತದೆ, ಸಿಕ್ಕು ಬಿಡುತ್ತದೆ. ಹೊಸ ಕೂದಲನ್ನು ಅದರಿಂದ ನಿರೀಕ್ಷಿಸುವುದಿಲ್ಲ. ಪ್ರತಿ ತಿಂಗಳು ಅದೇ ಕಿಟಕಿಯ ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆಯುತ್ತೇನೆ, ಏಕೆಂದರೆ ಕನ್ನಡಿ ಆಯಾ ದಿನದ ಮನಸ್ಥಿತಿಗೆ ತಕ್ಕಂತೆ ಕಾಣಿಸುತ್ತದೆ. ಬೈತಲೆ ಈಗ ತುಸು ಕಿರಿದಾಗಿದೆ.

ಹಣೆಯ ಎರಡೂ ಬದಿ ಹಿಂದೆ ಸರಿಯುತ್ತಿರುವ ನನ್ನ ತಮ್ಮನಿಗೆ ವೈದ್ಯೆ ಫಿನಾಸ್ಟರೈಡ್ ಮಾತ್ರೆಯ ಬಗ್ಗೆ ಹೇಳಿದ್ದಾರೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸಬಹುದೆಂದು ಎಚ್ಚರಿಸಿಯೂ ಇದ್ದಾರೆ. ಅವನ ಹೆಂಡತಿ ಬಸುರಿ. ಒಡೆದ ಮಾತ್ರೆಯನ್ನು ಅವಳು ಮುಟ್ಟಕೂಡದು. ಹೆರಿಗೆ ಆಗುವವರೆಗೆ ಕಾಯುತ್ತೇನೆ ಎಂದಿದ್ದಾನೆ ತಮ್ಮ.