ಗೂಡುದೀಪದ ಕಾಗದದ ಸುಕ್ಕು ಹೋದದ್ದು ಹೀಗೆ

ಬಿದಿರು ಕಡ್ಡಿಯ ಗೂಡುದೀಪಕ್ಕೆ ಅಂಟಿಸಿದ ಗಾಳಿಪಟದ ಕಾಗದ ಒಣಗಿದ ಮೇಲೆ ಸುಕ್ಕಾಗಿ ಜೋಲುತ್ತಿತ್ತು; ಬಲ್ಬ್ ಹಾಕಿದರೆ ಪ್ರತಿ ಸುಕ್ಕೂ ಎದ್ದು ಕಾಣುತ್ತಿತ್ತು. ಮೈದಾ ಅಂಟನ್ನು ಗಟ್ಟಿ ಮಾಡಿದರೂ, ಕಾಗದಕ್ಕೆ ಮೊದಲೇ ಇಸ್ತ್ರಿ ಹಾಕಿದರೂ ಆಗಲಿಲ್ಲ. ಬಿಗಿಯಾಗಿ ಎಳೆದರೆ ಮೂಲೆಯಲ್ಲಿ ಹರಿಯಿತು.

ಅಂಟನ್ನು ಕಡ್ಡಿಗೆ ಮಾತ್ರ ತೆಳುವಾಗಿ ಸವರಿ, ಕಾಗದವನ್ನು ಎಳೆಯದೆ ಕೂರಿಸಿ, ಅಂಚನ್ನು 1 ಸೆಂ.ಮೀ. ಒಳಕ್ಕೆ ಮಡಿಚಿ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಸ್ಪ್ರೇ ಬಾಟಲಿಯನ್ನು 30 ಸೆಂ.ಮೀ. ದೂರ ಹಿಡಿದು, ಮಂಜಿನಷ್ಟೇ ನೀರು ಚಿಮುಕಿಸಿ ನೆರಳಲ್ಲಿ ಒಣಗಿಸಿ. ಒದ್ದೆಯಾಗಿ ಹಿಗ್ಗಿದ ಎಳೆಗಳು ಒಣಗುವಾಗ ಕುಗ್ಗಿ, ಕಾಗದ ತಮಟೆಯಂತೆ ಬಿಗಿಯುತ್ತದೆ. ಎದುರುಬದುರಿನ ಮುಖಗಳಿಗೆ ಒಟ್ಟಿಗೇ ಚಿಮುಕಿಸಬೇಕು, ಇಲ್ಲದಿದ್ದರೆ ಚೌಕಟ್ಟು ಒಂದು ಕಡೆಗೆ ಸೊಟ್ಟಗಾಗುತ್ತದೆ. ಅಂಟು ಹಸಿಯಿದ್ದರೆ ಅಂಚು ಕಿತ್ತುಬರುತ್ತದೆ. ಹನಿ ನಿಂತಲ್ಲಿ ಬಣ್ಣ ಹರಿಯುತ್ತದೆ, ಕೆಂಪಿನಲ್ಲಂತೂ ಮೊದಲು ಒಂದು ಚೂರಿನ ಮೇಲೆ ನೋಡಿ. ಒಳಗೆ ಎಲ್‌ಇಡಿ ಬಲ್ಬೇ ಇರಲಿ.