ತಿಂಗಳ ಮಾತ್ರೆ ಬಿಲ್ಲು ಇಳಿಸೋದು ಹೇಗೆ: ಮೆಡಿಕಲ್ ಶಾಪಿನವನ ಮಾತು

ಮೊದಲು ಮನೆಯಲ್ಲಿರೋ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಸಣ್ಣಕ್ಷರದ ಸಾಲ್ಟ್ ಹೆಸರು (ಒಳಗಿರೋ ಔಷಧದ ಹೆಸರು), ಮಿಲಿಗ್ರಾಂ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ: ಟೆಲ್ಮಿಸಾರ್ಟನ್ 40, ಮೆಟ್‌ಫಾರ್ಮಿನ್ 500, ಹೀಗೆ. ಆ ಚೀಟಿ ಡಾಕ್ಟರ ಮುಂದಿಟ್ಟು "ಸರ್, ಇದೇ ಹೆಸರಲ್ಲಿ ಬರ್ಕೊಡ್ರಿ" ಅನ್ನಿ. ಸಂಕೋಚ ಬೇಡ. ಅವರು ಬ್ರ್ಯಾಂಡ್ ಬರೆದರೆ ಬೇರೆ ಕಂಪನಿಯದ್ದು ಕೊಡೋಕೆ ಕಾನೂನು ನಮ್ಮನ್ನು ಬಿಡಲ್ಲ. ರಾಣೇಬೆನ್ನೂರಿನ ನಮ್ಮ ಅಂಗಡೀಲಿ ಹಮಾಲರು "ಅಣ್ಣಾ, ಕಮ್ಮೀದು ಕೊಡು" ಅಂದಾಗ ನನ್ನ ಕೈ ಕಟ್ಟಿಹಾಕೋದು ಇದೇ.

ಸರಕಾರ ದರ ನಿಗದಿ ಮಾಡಿದೆಯಲ್ಲ ಅಂತೀರಿ. ಮಾಡಿದೆ, ಮಾರುಕಟ್ಟೆಯನ್ನೇ ಕೇಳಿಕೊಂಡು! ಮೊದಲು ತಯಾರಿಕೆ ಖರ್ಚಿನ ಮೇಲೆ ಲೆಕ್ಕ ಹಾಕ್ತಿದ್ದರು. 2013ರ ಔಷಧ ದರ ನಿಯಂತ್ರಣ ಆದೇಶದ ನಂತರ, ಮಾರುಕಟ್ಟೆಯಲ್ಲಿ ಕನಿಷ್ಠ ಶೇ. 1 ಪಾಲಿರೋ ಬ್ರ್ಯಾಂಡ್‌ಗಳ ದರದ ಸರಾಸರಿ ತೆಗೆದು, ಅಂಗಡಿಯವನಿಗೆ ಶೇ. 16 ಸೇರಿಸ್ತಾರೆ. ದುಬಾರಿ ಬ್ರ್ಯಾಂಡೇ ಓಡುತ್ತಿದ್ದರೆ ಸರಾಸರಿಯೂ ಮೇಲೆಯೇ. ಅದೂ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರೋದಕ್ಕೆ ಮಾತ್ರ. ಉಳಿದದ್ದಕ್ಕೆ ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಬಿಪಿಯ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಬಿಡಿಬಿಡಿಯಾಗಿ ಪಟ್ಟಿಯಲ್ಲಿವೆ, ಎರಡೂ ಕೂಡಿದ ಮಾತ್ರೆ ಇಲ್ಲ. ಕಾಂಬಿನೇಶನ್ ಬರೆದಿದ್ದರೆ, ಬೇರೆ ಬೇರೆ ತಗೊಂಡರೆ ನಡೆಯುತ್ತಾ ಕೇಳಿ. ಸರಕಾರದ 'ಫಾರ್ಮಾ ಸಹಿ ದಾಮ್' ಆ್ಯಪಿನಲ್ಲಿ ಎರಡರ ದರವನ್ನೂ ಹೋಲಿಸಿ.

ಜನರಿಕ್ (ದೊಡ್ಡ ಬ್ರ್ಯಾಂಡಿಲ್ಲದೆ ಬರೋ ಅದೇ ಔಷಧ) ಅಂದ ಕೂಡಲೇ ಅಗ್ಗ ಅಂದ್ಕೋಬೇಡಿ. ಇದನ್ನು ಬರೆದರೆ ನಮ್ಮವರು ಬೈತಾರೆ, ಬೈಯಲಿ: 80 ರೂಪಾಯಿ ಎಂಆರ್‌ಪಿ ಹೊಡೆದ ಸ್ಟ್ರಿಪ್ ನಮಗೆ 20 ರೂಪಾಯಿಗೆ ಬಂದು ಬೀಳೋದುಂಟು. ಪೂರ್ತಿ 80 ತಗೊಳ್ಳೋರೂ ಇದ್ದಾರೆ. "ಎಷ್ಟು ಬಿಡ್ತೀರಿ?" ಅಂತ ಬಾಯಿಬಿಟ್ಟು ಕೇಳಿ. ಜನೌಷಧಿ ಕೇಂದ್ರದಲ್ಲಿ ಈ ಚೌಕಾಸಿ ಇಲ್ಲ, ಅಚ್ಚಾದ ದರವೇ ಕಡಿಮೆ. ಆದರೆ ಕೆಲವು ಮಾತ್ರೆ ಸ್ಟಾಕ್ ಇರಲ್ಲ, ಫೋನ್ ಮಾಡಿ ಹೋಗಿ.

ವರ್ಷಗಟ್ಟಲೆ ಡಾಕ್ಟರ ಒಂದೇ ಚೀಟಿ ಹಿಡಿದು ಬರೋರು ಇನ್ನೊಂದು ಗಮನಿಸಿ. ಶುಗರಿನ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ (ಒಂದೇ ಕಂಪನಿಗಿದ್ದ ಹಕ್ಕು) ಮಾರ್ಚ್ 2025ರಲ್ಲಿ ಮುಗಿಯಿತು. ಒಂದಕ್ಕೆ 60 ರೂಪಾಯಿ ಆಸುಪಾಸು ಇದ್ದ ಮಾತ್ರೆ ಕೆಲವು ಕಂಪನಿಗಳದ್ದು 10ಕ್ಕಿಂತ ಕೆಳಗಿಳಿದಿದೆ. ಹಳೇ ಚೀಟಿಯವರು ಹಳೇ ದರವನ್ನೇ ಕೊಡ್ತಿದ್ದಾರೆ.

ದುಡ್ಡಿಲ್ಲದೆ ನಾಲ್ಕೇ ಮಾತ್ರೆ ಒಯ್ಯೋರು, ಎಕ್ಸ್‌ಪೈರಿ ಅಚ್ಚಿರೋ ತುದಿ ತುಂಡಾಗದ ಹಾಗೆ ಕತ್ತರಿಸೋಕೆ ಹೇಳಿ. ನಾಲ್ಕಕ್ಕೂ ಬಿಲ್ ಕೇಳಿ.

ಫಿಟ್ಸ್, ಥೈರಾಯ್ಡ್, ರಕ್ತ ತೆಳುವಾಗಿಸೋ ಮಾತ್ರೆಗಳ ಕಂಪನಿಯನ್ನು ಮಾತ್ರ ಡಾಕ್ಟರಿಗೆ ಕೇಳದೆ ಬದಲಿಸಬೇಡಿ.