ಸೀಲ್ ಅಲ್ಲ, ಬ್ರೀದರ್ ಕೈಕೊಟ್ಟಿತ್ತು

ಮೂಡಿಗೆರೆ ಕಡೆಯ ಕಾಫಿ ತೋಟದ ಜೀಪು. ಹಿಂದಿನ ಚಕ್ರದಲ್ಲಿ ಆಯಿಲ್ ಸೋರಿ ಬ್ರೇಕ್ ಶೂ ನೆನೆಯುತ್ತಿತ್ತು. ಒಂದೇ ಮಳೆಗಾಲದಲ್ಲಿ ಎರಡು ಸಲ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಬದಲಾಯಿಸಿದೆ. ಹದಿನೈದೇ ದಿನಕ್ಕೆ ಮತ್ತೆ ಅದೇ ಕಥೆ.

ಮೂರನೇ ಸಲ ಗಾಡಿ ಘಾಟಿ ಹತ್ತಿ ಬಂದು ನಿಂತ ಕೂಡಲೇ ಆಕ್ಸಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿದೆ. (ಯಾವಾಗಲೂ ಡ್ರೈನ್ ಪ್ಲಗ್‌ಗಿಂತ ಮೊದಲು ಇದನ್ನೇ ಬಿಚ್ಚಿ. ಆಯಿಲ್ ಖಾಲಿ ಮಾಡಿದ ಮೇಲೆ ಇದು ಜಾಮ್ ಆಗಿದ್ದರೆ ತುಂಬುವುದು ಎಲ್ಲಿಂದ?) ಬುಸ್ ಅಂತ ಗಾಳಿ ಬಂತು. ಬೆರಳಿಗೆ ಹತ್ತಿದ ಆಯಿಲ್ ಥೇಟ್ ಹಾಲು ಹಾಕಿದ ಕಾಫಿ ಬಣ್ಣ. ನೀರು ಸೇರಿತ್ತು.

ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡಲು ಇರುವ ಸಣ್ಣ ಕಿಂಡಿ, ಒರೆಸಿ ನೋಡಿದೆ. ತೂತಿನಲ್ಲಿ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಓಡುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಸೀಲ್ ಅಂಚಿನಿಂದ ಆಯಿಲನ್ನೇ ತಳ್ಳುತ್ತದೆ. ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದರೆ ಉಲ್ಟಾ. ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆಯುತ್ತದೆ. ಸುಮ್ನೆ ಸೀಲ್ ಮೇಲೆ ತಪ್ಪು ಹೊರಿಸಿದ್ದೆ.

ಬ್ರೀದರ್ ಜಾಗಕ್ಕೆ ನಿಪ್ಪಲ್ (ಹೋಸ್ ಸಿಕ್ಕಿಸುವ ಸಣ್ಣ ಕೊಳವೆ) ಕೂರಿಸಿ, ಆಯಿಲ್‌ಗೆ ಹಾಳಾಗದ ರಬ್ಬರ್ ಹೋಸನ್ನು ಛಾಸಿ (ಗಾಡಿಯ ಚೌಕಟ್ಟು) ಗುಂಟ ಮೇಲೆ ಒಯ್ದು, ಬಾಯಿ ಕೆಳಮುಖ ಮಾಡಿ ಕಟ್ಟಿದೆ. ಆಕ್ಸಲ್ ಕುಣಿದಾಗ ಹೋಸ್ ಎಳೆಯದಂತೆ ಸ್ವಲ್ಪ ಸಡಿಲ ಬಿಡಬೇಕು. ಹಳೆ ಆಯಿಲ್ ಇಳಿಸಿ, ಹೊಸ 90 ನಂಬರ್ ಗೇರ್ ಆಯಿಲ್ ತುಂಬಿ ಸ್ವಲ್ಪ ಓಡಿಸಿದೆ. ಒಳಗುಳಿದ ನೀರು ಹೋಗಲೆಂದು ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಿದೆ. ಸೀಲ್ ಜೊತೆಗೆ ಬ್ರೇಕ್ ಶೂ ಕೂಡ ಬದಲಾಯಿಸಿದೆ. ಆಯಿಲ್ ಕುಡಿದ ಶೂವನ್ನು ಪೆಟ್ರೋಲ್‌ನಲ್ಲಿ ತೊಳೆದು ವಾಪಸ್ ಹಾಕಬೇಡಿ, ಘಾಟಿ ಇಳಿಯುವವರ ಜೀವದ ಪ್ರಶ್ನೆ ಅಲ್ವಾ?

ಮುಂದಿನ ಮಳೆಗಾಲ ಮುಗಿದ ಮೇಲೆ ಬ್ರೇಕ್ ಡ್ರಮ್ ಬಿಚ್ಚಿದೆ. ಒಳಗೆ ಬರೀ ಒಣ ಧೂಳು.